ಪ್ರೇಮಾನಂದ ಹೊಸ್ತು ಉಣ್ಣದೆ ಹೋದ ವರ್ಷ

ತೆಕ್ಕಟ್ಟೆ ಪೇಟೆಯಲ್ಲಿ ನನ್ನ ತಮ್ಮ ಪ್ರೇಮಾನಂದನಿಗೆ ಒಂದು ಹೆಸರಿಟ್ಟಿದ್ದಾರೆ. ಐರ್ಲೆಂಡ್ ಆಯಾ. ಇಟ್ಟವರು ಯಾರು ಅಂತಲೂ ನನಗೆ ಗೊತ್ತು. ಸೆಲೂನಿನ ಬೆಂಚಿನ ಮೇಲೆ ಬೆಳಗಿನಿಂದ ಕೂತು ಒಂದೇ ಪೇಪರನ್ನು ಹಂಚಿಕೊಂಡು ಓದುವ ಗಂಡಸರು. ಸ್ವಂತ ಮಕ್ಕಳು ಯಾವ ಕ್ಲಾಸು ಅಂತ ಕೇಳಿದರೆ ಹೆಂಡತಿಯ ಮುಖ ನೋಡುವವರು. ಒಂದು ದಿನ ಗೇರುಬೀಜದ ಫ್ಯಾಕ್ಟರಿ ಬಿಟ್ಟು ಬರುವಾಗ ನನ್ನ ಕಿವಿಗೇ ಬಿತ್ತು. ಅಲ್ಲೇ ನಿಂತೆ. "ಹ್ವಾಯ್, ನಿಮ್ಮ್ ಮಕ್ಕಳ ಚಡ್ಡಿ ಒಂದ್ ದಿನ ಆರೂ ತೊಳ್ದದ್ದ್ ಇತ್ತಾ ನೀವ್?" ಅಂತ ಕೇಳಿದೆ. ಎಲ್ಲರಿಗೂ ಒಮ್ಮೆಲೇ ಪೇಪರಿನಲ್ಲಿ ಓದಲಿಕ್ಕೆ ತುಂಬ ಸಿಕ್ಕಿತು.

ಕರೆಯಲಿ ಮಾರಾಯ್ರೆ, ನನಗೇನು. ಆಯಾ ಅಂದರೆ ಕಳ್ಳ ಅಂದ ಹಾಗಲ್ಲವಲ್ಲ.

ನಾನು ಜಲಜ, ಅವನ ಅಕ್ಕ. ನನ್ನ ಗಂಡ ಹೋಗಿ ತುಂಬ ವರ್ಷ ಆಯಿತು, ಈಗ ಇರುವುದು ತೆಕ್ಕಟ್ಟೆಯ ನಮ್ಮ ಕುಟುಂಬದ ಮನೆಯಲ್ಲಿ. ಪ್ರೇಮ ಹೆಚ್ಚು ಮಾತಾಡುವವನಲ್ಲ. ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ, ಅದೂ 'ಹ್ಞೂಂ' ಅಂತ. ಅವನ ಸಂಗತಿ ಅವನ ಬಾಯಿಂದಲೇ ಬರಲಿ ಅಂತ ಕೂತರೆ ನಾವು ಮುದುಕರಾಗುತ್ತೇವೆ. ಅದಕ್ಕೆ ನಾನು ಹೇಳುವುದು.

ಅಪ್ಪ ಸತ್ತಾಗ ಪ್ರೇಮ ಇನ್ನೂ ಶಾಲೆಗೆ ಹೋಗುವ ಹುಡುಗ. ನಮ್ಮನ್ನು ಸಾಕಿದ್ದು ನಮ್ಮ ಅಬ್ಬಿಯ ತಮ್ಮ, ಚಂದಯ್ಯ ಮಾವ. ಅಬ್ಬಿ ಅಂದರೆ ನಮ್ಮ ಕಡೆ ಅಮ್ಮ. ನಮ್ಮದು ಅಳಿಯ ಕಟ್ಟು. ಮಕ್ಕಳು ಅಪ್ಪನ ಕುಲಕ್ಕೆ ಸೇರುವುದಿಲ್ಲ, ತಾಯಿಯ ಕುಲಕ್ಕೆ, ನಮ್ಮ ಮಾತಿನಲ್ಲಿ ತಾಯಿಯ 'ಬಳಿ'ಗೆ, ಸೇರುತ್ತಾರೆ. ಮನೆಯ ಯಜಮಾನಿಕೆ ಸೋದರಮಾವನದು. ಮಾವನಿಗೆ ಹಾಲಾಡಿ ಪೇಟೆಯಲ್ಲಿ ಬಸ್ಸು ತಿರುಗುವ ಕಡೆ ಒಂದು ಹೋಟೆಲಿದೆ, ಅವರ ಸಂಸಾರ ಅಲ್ಲೇ. ಆದರೂ ತೆಕ್ಕಟ್ಟೆ ಮನೆಯಲ್ಲಿ ದೀಪ ಹಚ್ಚಬೇಕಾದರೂ ಅವರ ಮಾತು ಬೇಕು. ಅಬ್ಬಿಯೂ ತೀರಿಕೊಂಡ ಮೇಲೆ ಮಾವನೇ ನಮಗೆ ಅಪ್ಪ, ಮಾವನೇ ಅಬ್ಬಿ. ಇದನ್ನು ನಾನು ಇಲ್ಲ ಅನ್ನುವುದಿಲ್ಲ. ಅವರು ಒಳ್ಳೆಯವರು. ಆದರೆ ತಾನು ಮಾಡಿದ್ದು ಎಲ್ಲರಿಗೂ ಒಳ್ಳೆಯದೇ ಅಂತ ತಿಳಿದುಕೊಂಡ ಮನುಷ್ಯ, ಅಂಥವರ ಜೊತೆ ಏಗುವುದು ಕಷ್ಟ.

ಪ್ರೇಮ ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಹೋದ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ, ದೋಸೆ ಕಲ್ಲಿನ ಮುಂದೆ ನಿಂತ. ಮಾವ ಬಾ ಅಂದರು, ಬಂದ. ಹಾಲಾಡಿ ಹೋಟೆಲಿನ ಒಲೆ ಅವನ ಪಾಲಿಗೆ ಬಂತು. ಅವನ ಮೀನು ಸಾರಿಗೆ ಲಾರಿಯವರು ಗಾಡಿ ನಿಲ್ಲಿಸುತ್ತಿದ್ದರು. ಆಮೇಲೆ ಶಿರೂರಿನ ವಿನಯಾಳ ಜೊತೆ ಮದುವೆ. ಅವಳು ನರ್ಸು. ನೋಡಲಿಕ್ಕೆ ಹೋದ ದಿನವೇ ಅವಳು ಕೇಳಿದ್ದಳಂತೆ, "ನಂಗೆ ಹೊರ್ಗೆ ಹೋಪ ಮನಸ್ಸಿತ್ತ್, ನಿಮ್ಗೆ ಅಡ್ಡಿ ಇತ್ತಾ?" ಅಂತ. ಇವನು ಇಲ್ಲ ಅಂದನಂತೆ. ಅಷ್ಟೇ ಮಾತು. ಆ ಒಂದು 'ಇಲ್ಲ'ದ ಮೇಲೆ ಇಷ್ಟೆಲ್ಲ ನಡೆದದ್ದು.

ದೀಕ್ಷಾ ಹುಟ್ಟಿ ಗೋಡೆ ಹಿಡಿದು ನಡೆಯುವ ಹೊತ್ತಿಗೆ ವಿನಯಾಳಿಗೆ ಐರ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಆಯಿತು. ಮೊದಲು ಒಬ್ಬಳೇ ಹೋಗಬೇಕು, ಗಂಡ ಮಕ್ಕಳಿಗೆ ವೀಸಾ ಆಮೇಲೆ. ಕೂಸು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ವಿಮಾನದಲ್ಲಿ ರವಿಕೆ ಒದ್ದೆಯಾಗಿ ಶಾಲು ಹೊದ್ದು ಕೂತಿದ್ದೆ ಅಂತ ವಿನಯಾ ಆಮೇಲೆ ನನ್ನ ಹತ್ತಿರ ಮಾತ್ರ ಹೇಳಿದ್ದಾಳೆ. ಊರಿನವರು ಏನು ಹೇಳಿದರು ಗೊತ್ತಾ? 'ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋದಳು, ಎಂಥ ತಾಯಿ' ಅಂತ. ಗಂಡಸರು ಬಸುರಿಯನ್ನು ಬಿಟ್ಟು ದುಬಾಯಿಗೆ ಹೋದರೆ ಪೇಟೆಯಲ್ಲಿ ಬ್ಯಾನರ್ ಕಟ್ಟುವ ಜನ ಇವರು.

ಕೂಸು ನನ್ನ ಹತ್ತಿರ ಇತ್ತು. ಪ್ರೇಮ ಹಾಲಾಡಿಯಿಂದ ದಿನಾ ಬಂದು ಹೋಗುತ್ತಿದ್ದ. ಸಂಜೆ ವಿನಯಾ ಫೋನಿನಲ್ಲಿ ಮುಖ ತೋರಿಸುತ್ತಿದ್ದಳು. ತಿಂಗಳು ಕಳೆದ ಹಾಗೆ ಕೂಸಿಗೆ ಅಬ್ಬಿ ಅಂದರೆ ಫೋನು ಅಂತ ಆಗಿಹೋಯಿತು. ಫೋನು ಎಲ್ಲಿಟ್ಟರೂ 'ಅಬ್ಬಿ, ಅಬ್ಬಿ' ಅಂತ ಅದರ ಹಿಂದೆ. ಒಂದು ದಿನ ನಾನು ಗಂಜಿ ಉಣಿಸುತ್ತಿದ್ದೆ. ಕೂಸು ನನ್ನ ಬಟ್ಟಲಿಗೆ ಕೈ ಹಾಕಿ, ಒಂದು ಹಿಡಿ ಅನ್ನ ತೆಗೆದು, ಫೋನಿನ ಚಾರ್ಜರ್ ಚುಚ್ಚುವ ತೂತಿಗೆ ಒತ್ತಿತು. "ಅಬ್ಬಿ, ಆಂ ಮಾಡ್" ಅಂತ.

ಪ್ರೇಮ ಅಲ್ಲೇ ಇದ್ದ. ಸೂಜಿ ತಂದು ಒಂದೊಂದೇ ಅಗುಳು ತೆಗೆದ. ತೆಗೆದು ಆದ ಮೇಲೆ ಹಿತ್ತಿಲಿಗೆ ಹೋದ. ನಾನು ಹಿಂದೆಯೇ ಹೋದೆ. ನನ್ನ ತಮ್ಮ ಅತ್ತದ್ದನ್ನು ಅಬ್ಬಿ ಸತ್ತಾಗಲೂ ನಾನು ನೋಡಿರಲಿಲ್ಲ. ಬಾವಿಕಟ್ಟೆ ಹಿಡಿದು ಮಕ್ಕಳ ಹಾಗೆ ಅಳುತ್ತಿದ್ದ. "ಅಕ್ಕ, ಇನ್ನ್ ಆತಿಲ್ಲೆ. ಇನ್ನೊಂದ್ ಸಲ ನಾ ಇವ್ರನ್ನ ಬೇರೆ ಬೇರೆ ಇಡ್ತಿಲ್ಲೆ" ಅಂದ.

ವೀಸಾ ಆಯಿತು. ಮಾವನಿಗೆ ಹೇಳಲಿಕ್ಕೆ ಹಾಲಾಡಿಗೆ ನಾನೂ ಜೊತೆಗೆ ಹೋದೆ. ಮಾವ ಗಲ್ಲಾದಲ್ಲಿ ಕೂತಿದ್ದರು.

"ಅಲ್ಲ್ ನಿಂಗೆ ಎಂತ ಕೆಲ್ಸ?" ಕೇಳಿದರು.

"ಕೆಲ್ಸ ಮಾಡುಕೆ ಬಿಡುದಿಲ್ಲ ಅಂಬ್ರ್ ಮಾವಾ. ಹೆಂಡ್ತಿ ವೀಸಾದಗೆ ಹೋದ್ರೆ ಹಾಂಗೆ."

"ಮತ್ತೆ ಎಂತ ಮಾಡ್ತೆ?"

"ಮಗಿನ್ನ ಕಾಂತೆ. ಅಡಿಗಿ ಮಾಡ್ತೆ."

ಮಾವ ಗಿರಾಕಿಗಳ ಕಡೆ ತಿರುಗಿ ನಕ್ಕರು. "ಕೇಂಡ್ರ್ಯಾ, ನಮ್ಮ್ ಅಳಿಯ ಫಾರಿನ್ನಿಗೆ ಹೋತ್ನಂಬ್ರ್, ಮಕ್ಕಳ ಮೂಗ್ ಒರ್ಸುಕೆ!" ಎಲ್ಲರೂ ನಕ್ಕರು. ಪ್ರೇಮನೂ ಸ್ವಲ್ಪ ನಕ್ಕು, ಒಳಗೆ ಹೋಗಿ ಏಪ್ರನ್ ಬಿಚ್ಚಿಟ್ಟು ಬಂದ.  ಬಸ್ಸಿನಲ್ಲಿ ಬರುವಾಗ ಪೂರಾ ಬೈದೆ, ಮಾವನನ್ನೂ, ಸುಮ್ಮನೆ ನಕ್ಕ ಇವನನ್ನೂ.

ಅಲ್ಲಿ ಹೋಗಿ ಇವನು ಮಾಡಿದ ಸಂಸಾರ ಹೇಳುತ್ತೇನೆ ಕೇಳಿ. ವಿನಯಾಳ ಡ್ಯೂಟಿ ಬೆಳಗ್ಗೆ ಕತ್ತಲಲ್ಲಿ ಹೋದರೆ ರಾತ್ರಿ ಕತ್ತಲಲ್ಲೇ ಬರುವುದು. ಕೆಲವು ವಾರ ರಾತ್ರಿ ಪಾಳಿ. ಮನೆ ಪೂರಾ ಇವನದು. ಮಕ್ಕಳ ಗಾಡಿ ತಳ್ಳಿಕೊಂಡು ಮಳೆಯಲ್ಲಿ ಸಾಮಾನು ತರುವುದು. ಅಲ್ಲಿಯ ಮಳೆಯನ್ನು ಇವನು ಮಳೆ ಅಂತ ಒಪ್ಪುವುದೇ ಇಲ್ಲ. "ಅಕ್ಕ, ಇಲ್ಲಿದ್ದ್ ಮಳಿ ಅಲ್ಲ, ಮ್ಯಾಲಿಂದ ಯಾರೋ ಒದ್ದಿ ಬಟ್ಟಿ ಕೊಡವಿದ ಹಾಂಗೆ" ಅನ್ನುತ್ತಾನೆ. ದೀಕ್ಷಾಳ ತಲೆಗೆ ಎಣ್ಣೆ ಹಾಕಿ ಎರಡು ಜಡೆ ಹೆಣೆಯುವುದನ್ನು ನಾನು ಫೋನಿನಲ್ಲಿ ಕಲಿಸಿದೆ. ಮೊದಮೊದಲು ಒಂದು ಜಡೆ ಕಿವಿಯ ಮೇಲೆ, ಒಂದು ಬೆನ್ನ ಮೇಲೆ. ಮಕ್ಕಳನ್ನು ಆಡಿಸಲಿಕ್ಕೆ ಒಂದು ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರುತ್ತಾರಂತೆ, ಅಲ್ಲಿ ಎಲ್ಲ ತಾಯಂದಿರು, ನಡುವೆ ಇವನೊಬ್ಬ ಮೀಸೆಯವ. ಮೊದಲ ದಿನ ಯಾರೂ ಮಾತಾಡಿಸಲಿಲ್ಲ. ಮುಂದಿನ ವಾರ ಗೋಳಿಬಜೆ ಕರಿದುಕೊಂಡು ಹೋದ. ಆಮೇಲೆ ಇವನ ಪಕ್ಕದ ಕುರ್ಚಿ ಖಾಲಿ ಇದ್ದದ್ದೇ ಇಲ್ಲ.

ಅಲ್ಲೇ ನಿತೇಶ ಹುಟ್ಟಿದ. ಬಾಣಂತನಕ್ಕೆ ನಾನು ಹೋಗುವುದು ಅಂತ ಇತ್ತು, ನನ್ನ ವೀಸಾ ಆಗಲಿಲ್ಲ. ಶಿರೂರಿನ ವಿನಯಾಳ ತಾಯಿಗೆ ಕಾಲು ನೋವು. ಮಾಡಿದ್ದು ಯಾರು? ನನ್ನ ತಮ್ಮ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮೆಂತೆ ಗಂಜಿ, ಒಳ್ಳೆಮೆಣಸಿನ ಸಾರು ಎಲ್ಲ. ಫೋನನ್ನು ಬಕೆಟ್ಟಿನ ಪಕ್ಕ ನಿಲ್ಲಿಸಿಕೊಂಡು ಕೂಸನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದ. ನಾನು ಇಲ್ಲಿಂದ "ಕೊರಳ್ ಹಿಡ್ಕೊ, ಕೊರಳ್!" ಅಂತ ಕೂಗುತ್ತಿದ್ದೆ. ವಿನಯಾ ಮಂಚದ ಮೇಲಿಂದ, "ಅಕ್ಕ, ನೀವ್ ಕೂಗಬ್ಯಾಡಿ, ಅವ್ರ್ ನನ್ಗಿಂತ ಚಂದ ಹಿಡಿತ್ರ್" ಅಂದಳು. ಯಾವ ಗಂಡಸಿಗೆ ಹೆಂಡತಿ ಬಾಯಿಂದ ಇಂಥ ಮಾತು ಬಂದಿದೆ, ಸೆಲೂನಿನ ಬೆಂಚಿನವರು ಹೇಳಲಿ ನೋಡುವ.

ಒಂದು ಎಡವಟ್ಟೂ ಮಾಡಿದ. ನಮ್ಮಲ್ಲಿ ಹೊಸ್ತು ಅಂತ ಹಬ್ಬ. ಗದ್ದೆಯ ಹೊಸ ತೆನೆ ತಂದು ಬಾಗಿಲಿಗೆ, ಕಂಬಕ್ಕೆ, ತೊಟ್ಟಿಲಿಗೆ ಕಟ್ಟುವುದು. ಹೊಸ ಅಕ್ಕಿಯ ಊಟ ಮಾಡುವುದು. ಗದ್ದೆ ಇಲ್ಲದವರು ಬೇರೆಯವರ ಗದ್ದೆಯಿಂದ ಒಂದು ಹಿಡಿ ತೆನೆ ತಂದರೆ ನಮ್ಮೂರಿನಲ್ಲಿ ಯಾರೂ ಕಳ್ಳತನ ಅನ್ನುವುದಿಲ್ಲ. ಇವನು ಐರ್ಲೆಂಡಿನಲ್ಲೂ ಹಾಗೇ ಅಂದುಕೊಂಡ. ಮನೆ ಹಿಂದೆ ಬಾರ್ಲಿ ಹೊಲ ಇತ್ತಂತೆ, ತೆನೆ ಹಣ್ಣಾಗಿ ನಿಂತಿತ್ತಂತೆ. ಬೆಳಗಾಗುವ ಹೊತ್ತಿಗೆ ಮಕ್ಕಳಿಬ್ಬರಿಗೂ ರೇನ್‌ಕೋಟು ಹಾಕಿ, ಅಡುಗೆಮನೆಯ ಕತ್ತರಿ ತೆಗೆದುಕೊಂಡು, ಚಪ್ಪಲಿ ಬದಿಗೆ ಬಿಟ್ಟು ಬರಿಗಾಲಲ್ಲಿ ಹೊಲಕ್ಕೆ ಇಳಿದ. ಕೈಮುಗಿದು ಕತ್ತರಿ ಹಾಕುವುದಕ್ಕೂ ಹೊಲದ ಮುದುಕ ನಾಯಿ ಹಿಡಿದುಕೊಂಡು ಬರುವುದಕ್ಕೂ ಸರಿಯಾಯಿತು. ಬರಿಗಾಲಿನ ಗಂಡಸು, ಕೈಯಲ್ಲಿ ಕತ್ತರಿ, ಎದೆಗೆ ಕಟ್ಟಿದ ಒಂದು ಕೂಸು, ಹಿಂದೆ ಒಂದು ಹುಡುಗಿ! ಮುದುಕ ಪೊಲೀಸರಿಗೆ ಫೋನ್ ತೆಗೆದೇಬಿಟ್ಟ. ಇವನಿಗೆ ಇಂಗ್ಲಿಷು ಬಾಯಿಗೇ ಬರಲಿಲ್ಲ. ದೀಕ್ಷಾ ಮುಂದೆ ಬಂದು ಅಲ್ಲಿಯ ಇಂಗ್ಲಿಷಿನಲ್ಲಿ ಏನೋ ಹೇಳಿದಳಂತೆ, ಇದು ನಮ್ಮ ಬಾಗಿಲಿಗೆ, ದೇವರಿಗೆ ಅಂತ. ಮುದುಕ ಫೋನ್ ಜೇಬಿಗೆ ಹಾಕಿ, ಬರುವ ವರ್ಷ ಬಾಗಿಲು ತಟ್ಟಿ ಕೇಳಿ ಅಂತ ಬೈದು ಕಳಿಸಿದ. ನಾನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ವಿನಯಾ ಮಾತ್ರ ಎರಡು ದಿನ ಇವನ ಹತ್ತಿರ ಮಾತು ಬಿಟ್ಟಿದ್ದಳು. ಪೊಲೀಸು ಕೇಸಾದರೆ ಅವಳ ಕೆಲಸದ ಗತಿ?

ಹೊಸ್ತಿನಲ್ಲಿ ಇನ್ನೊಂದು ಕ್ರಮ ಇದೆ. ಬಾಯಿಗೆ ಮೊದಲ ತುತ್ತು ಇಡುವ ಮುಂಚೆ ಹಿರಿಯರಿಗೆ ಹೇಳಬೇಕು, "ಹೊಸ್ತ್ ಉಂತೆ" ಅಂತ, ಅಂದರೆ ಹೊಸ್ತು ಉಣ್ಣುತ್ತೇನೆ ಅಂತ. ಅವರು "ಉಣ್" ಅನ್ನಬೇಕು. ಅನ್ನದೆ ಯಾರೂ ಉಣ್ಣುವ ಹಾಗಿಲ್ಲ. ಪ್ರೇಮ ಅಲ್ಲಿಂದ ಪ್ರತಿ ವರ್ಷವೂ ಮಾವನಿಗೆ ಫೋನ್ ಮಾಡುತ್ತಿದ್ದ, ಮಾವ ಎಷ್ಟೇ ಗಿರಾಕಿ ಇದ್ದರೂ ಗಲ್ಲಾದಿಂದ ಎದ್ದು ಹೊರಗೆ ಬಂದು "ಉಣ್ ಮಗಾ" ಅನ್ನುತ್ತಿದ್ದರು. ನಕ್ಕರೂ, ಗೇಲಿ ಮಾಡಿದರೂ, ಆ ಮಾತು ತಪ್ಪಿಸಿರಲಿಲ್ಲ.

ಕಳೆದ ವರ್ಷ ಮಾವನೇ ಫೋನ್ ಮಾಡಿದರು. ಈ ಸಲ ಹೊಸ್ತಿಗೆ ಮನೆಗೇ ಬಾ, ನಿತೇಶನ ಮುಖ ನೋಡಿಲ್ಲ, ನಿನ್ನ ಮಗಳ ಶಾಲೆಯ ರಜೆ ನೋಡಿಕೊಂಡು ನಾನು ದಿನ ಇಡುತ್ತೇನೆ ಅಂದರು. ಅಷ್ಟು ಹೇಳಿದ ಮೇಲೆ ಇವನು ಇಲ್ಲ ಅನ್ನುತ್ತಾನಾ? ವಿನಯಾಳಿಗೆ ವಾರ್ಡಿನಲ್ಲಿ ಜನ ಸಾಲದು ಅಂತ ರಜೆ ಸಿಗಲಿಲ್ಲ. ಪ್ರೇಮ ಒಬ್ಬನೇ ಎರಡು ಮಕ್ಕಳನ್ನು ಕಟ್ಟಿಕೊಂಡು ಅಕ್ಟೋಬರಿನಲ್ಲಿ ಬಂದ. ಒಂದನ್ನು ಎದೆಗೆ ಕಟ್ಟಿಕೊಂಡು, ಒಂದನ್ನು ಕೈ ಹಿಡಿದುಕೊಂಡು ಕಾರಿನಿಂದ ಇಳಿದ. ನನಗೆ ಏನು ಸಂತೋಷ ಅಂದರೆ ಆ ದಿನ ಫ್ಯಾಕ್ಟರಿಗೂ ಹೋಗಲಿಲ್ಲ.

ಮಾರನೇ ದಿನ ಮಾವ ಬಂದರು. ಮಕ್ಕಳಿಗೆ ಹಲ್ವ, ಚಕ್ಕುಲಿ, ಮತ್ತೆ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಶಾಲೆಯ ಯೂನಿಫಾರ್ಮು. ಚೌಕಳಿ ಲಂಗ, ಬಿಳಿ ಅಂಗಿ, ಟೈ. ದೀಕ್ಷಾಳ ಅಳತೆಯನ್ನು ನನ್ನ ಹತ್ತಿರ ಹಿಂದೊಮ್ಮೆ ಕೇಳಿದ್ದರು, ಹಬ್ಬಕ್ಕೆ ಅಂಗಿ ಹೊಲಿಸಲಿಕ್ಕೆ ಇರಬಹುದು ಅಂತ ಕೊಟ್ಟಿದ್ದೆ. ಹುಡುಗಿ ಅದನ್ನು ಹಾಕಿಕೊಂಡು ಅಂಗಳದಲ್ಲಿ ಗಿರಗಿರ ತಿರುಗಿದಳು, ವೇಷ ಅಂದುಕೊಂಡಳು ಪಾಪ.

"ಸೀಟ್ ಮಾತಾಡಿ ಆಯ್ತ್" ಮಾವ ಅಂದರು. "ಹಾಲಾಡಿಯಿಂದ ಬಸ್ ಬತ್ತ್. ಮಕ್ಕಳ್ ಇಲ್ಲೇ ಇರ್ಲಿ. ನೀ ಹೋಟ್ಲ್ ಕಾಣ್. ವಿನಯಾ ಅಲ್ಲ್ ಇನ್ನೊಂದ್ ನಾಕ್ ವರ್ಷ ದುಡೀಲಿ, ಕಡಿಗೆ ಬರ್ಲಿ."

ಪ್ರೇಮ ಮಗಳನ್ನು ಕರೆದು ಟೈ ಬಿಚ್ಚಿದ, ಅಂಗಿ ಬದಲಿಸಿದ, ಲಂಗವನ್ನು ಮಡಚಿ ಚೀಲಕ್ಕೆ ಹಾಕಿ ಮಾವನ ಪಕ್ಕ ಇಟ್ಟ. "ಬ್ಯಾಡ ಮಾವಾ" ಅಂದ.

ಮಾವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಚೀಲ ಬಿಟ್ಟೇ ಹೋದರು. ಆ ವಾರ ಪೂರಾ ಬಂದವರೆಲ್ಲ ಅದೇ ರಾಗ. ಮಕ್ಕಳಿಗೆ ಅಲ್ಲಿ ನಮ್ಮವರು ಯಾರಿದ್ದಾರೆ, ನಾಳೆ ಊರು ಗೊತ್ತಿಲ್ಲದೆ ಬೆಳೆಯುತ್ತವೆ, ಗಂಡಸಾಗಿ ಎಷ್ಟು ದಿನ ಸೌಟು ಹಿಡಿಯುತ್ತೀಯ. ಹೋಟೆಲಿನಲ್ಲಿ ಸೌಟು ಹಿಡಿದರೆ ಗಂಡಸು, ಮನೆಯಲ್ಲಿ ಹಿಡಿದರೆ ಅಲ್ಲ, ಇದು ಎಲ್ಲಿಯ ನ್ಯಾಯ ಅಂತ ನಾನು ಕೇಳಿದೆ.  ಮಾವ ಇನ್ನೊಂದು ಕಡೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಜಲಜ, ನನ್ ಕೈ ಕಾಲ್ ಬೀಳ್ತಾ ಇತ್ತ್. ಹೋಟ್ಲಿಗೆ ಅವ್ನ್ ಬಿಟ್ರೆ ಯಾರಿದ್ರ್?" ಆ ಮಾತಿಗೆ ನನಗೂ ಪಾಪ ಅನಿಸಿದ್ದು ಹೌದು. ಆದರೆ ಹೋಟೆಲಿಗೆ ಜನ ಬೇಕು ಅಂತ ಮಕ್ಕಳನ್ನು ತಾಯಿಯಿಂದ ಕೀಳುವುದಾ? ಹುಡುಗಿ ಫೋನಿಗೆ ಅನ್ನ ತುರುಕಿದ್ದನ್ನು ಕಣ್ಣಾರೆ ಕಂಡವಳು ನಾನು.

ವಿನಯಾ ದಿನಾ ಫೋನ್ ಮಾಡುತ್ತಿದ್ದಳು. ಅವಳ ಕಿವಿಗೂ ಯಾರೋ ಹಾಕಿದ್ದರು. ಒಂದೇ ಮಾತು ಕೇಳಿದಳು. "ಅಕ್ಕ, ಮಕ್ಕಳ್ ಬತ್ವಲೆ?" ನರ್ಸು, ಎಷ್ಟು ಸಾವು ಬದುಕು ಕಂಡವಳು, ಅದನ್ನೇ ತಿರುಗಿ ತಿರುಗಿ ಕೇಳಿದಳು. ನಾನು ಬರುತ್ತವೆ ಅಂದೆ. ಅಂದೆನೇ ಹೊರತು ನನಗೇ ಧೈರ್ಯ ಇರಲಿಲ್ಲ. ಮಾವನ ಎದುರು ನನ್ನ ತಮ್ಮ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಬಾ ಅಂದರೆ ಬಂದ ಹುಡುಗ ಅವನು.

ಹೊಸ್ತಿನ ದಿನ ಬಂತು. ಮಾವ ಗದ್ದೆಯಿಂದ ತೆನೆ ತಂದರು, ಕಟ್ಟಿ ಆಯಿತು. ಹೊಸ ಅಕ್ಕಿ ಬೆಂದ ಪರಿಮಳ ಮನೆ ತುಂಬ. ಉದ್ದಕ್ಕೆ ಬಾಳೆಲೆ ಹಾಕಿ, ಹರಿವೆ ಪಲ್ಯ, ಸೌತೆಕಾಯಿ ಹುಳಿ, ಪಾಯಸ ಎಲ್ಲ ಬಡಿಸಿದೆವು. ಮಾವ ತುದಿಯ ಎಲೆಯಲ್ಲಿ, ಪಕ್ಕದಲ್ಲಿ ಅಬ್ಬಿಯ ತಂಗಿ ಚಂದ್ರಮತಿ ಚಿಕ್ಕಮ್ಮ, ಆಮೇಲೆ ನಾವೆಲ್ಲ. ಪ್ರೇಮನ ಒಂದು ಮಗ್ಗುಲಲ್ಲಿ ದೀಕ್ಷಾ, ತೊಡೆಯ ಮೇಲೆ ನಿತೇಶ.

ಒಬ್ಬೊಬ್ಬರಾಗಿ ಕೇಳಿದರು. "ಹೊಸ್ತ್ ಉಂತೆ." "ಉಣ್." ನಾನೂ ಕೇಳಿದೆ. ದೀಕ್ಷಾಳ ಸರದಿ ಬಂತು. ಹುಡುಗಿ ಅಪ್ಪ ಕಲಿಸಿದ ಹಾಗೆ ಕೈ ಮುಗಿದು, "ಅಜ್ಜಾ, ಹೊಸ್ತ್ ಉಂತೆ!" ಅಂತ ಕೂಗಿದಳು. ಪಂಕ್ತಿಯೆಲ್ಲ ನಕ್ಕಿತು. ಮಾವನ ಮುಖವೂ ಅರಳಿತು. "ಉಣ್ ಮಗಾ, ನೀನೂ ಉಣ್, ನಿನ್ ತಮ್ಮನೂ ಉಣ್ಲಿ."

"ಮಾವಾ, ಹೊಸ್ತ್ ಉಂತೆ" ಪ್ರೇಮ ಅಂದ.

ಮಾವ ಅನ್ನಕ್ಕೆ ಹುಳಿ ಕಲಸುತ್ತಿದ್ದರು. ಕಲಸುತ್ತಲೇ ಇದ್ದರು.

"ಮಾವಾ."

"ಮಕ್ಕಳನ್ನ ಇಲ್ಲ್ ಬಿಡ್ತೆ ಅಂದ್ ಹೇಳ್" ಮಾವ ತಲೆ ಎತ್ತದೆ ಅಂದರು. "ಎಲ್ಲರ್ ಎದ್ರಿಗೆ ಹೇಳ್. ಕಡಿಗೆ ನಾ ಉಣ್ ಅಂತೆ."

ಎಲ್ಲರ ಕೈಯೂ ಎಲೆಯ ಮೇಲೆ ನಿಂತಿತು. ನಮ್ಮ ಮನೆಯಲ್ಲಿ ಹೊಸ್ತಿನ ದಿನ ಹಗೆಯವನಿಗೂ ಉಣ್ಣು ಅಂದವರೇ ಎಲ್ಲ, ಬೇಡ ಅಂದವರಿಲ್ಲ. ನನಗೆ ತಡೆಯಲಿಲ್ಲ. "ಎಂಥ ಮಾತ್ ಮಾವಾ ಇದ್? ಅನ್ನದ್ ಎದ್ರಿಗೆ ಕೂರ್ಸಿ ಮಗಿನ್ನ ಕೇಂಬುದಾ? ನಾಚ್ಕಿ ಆತಿಲ್ಯಾ ನಿಮ್ಗೆ?" ಅಂತ ಹಾರಿಬಿದ್ದೆ. ಇನ್ನೂ ಹೇಳುತ್ತಿದ್ದೆನೋ ಏನೋ, ಪ್ರೇಮ ನನ್ನ ಮೊಣಕೈ ಹಿಡಿದ.

"ಅಕ್ಕ, ನೀ ಸುಮ್ನಿರ್. ನನ್ನ ಕೇಂಡದ್ದ್, ನಾ ಹೇಳ್ತೆ."

ಆಮೇಲೆ ಅವನು ಮಾತಾಡಿದ. ಸ್ವರ ಏರಿಸಲಿಲ್ಲ. ತೊಡೆಯ ಮೇಲೆ ನಿತೇಶ ಪಾಯಸಕ್ಕೆ ಬೆರಳು ಹಾಕುತ್ತಿತ್ತು, ಆ ಕೈ ಹಿಡಿದುಕೊಂಡೇ ಹೇಳಿದ.

"ಮಾವಾ, ನೀವ್ ನಂಗೆ ಯಜಮಾನ್ರ್. ಸಾಕಿದ್ರಿ. ನಂಗೆ ಉಣ್ ಅಂಬುದೂ ನಿಮ್ಗೆ ಸೇರಿದ್ದ್, ಬ್ಯಾಡ ಅಂಬುದೂ ನಿಮ್ಗೆ ಸೇರಿದ್ದ್. ನೀವ್ ಹೇಳ್ದೆ ಇದ್ರೆ ನಾ ಒಂದ್ ಅಗುಳ್ ಮುಟ್ತಿಲ್ಲೆ. ಆದ್ರೆ ಈ ಮಕ್ಕಳ್ ನಿಮ್ಮ್ ಬಳಿ ಅಲ್ಲ. ನನ್ನ್ ಬಳಿಯೂ ಅಲ್ಲ. ವಿನಯಾನ್ ಬಳಿ. ನಮ್ಮ್ ಕಟ್ಟ್ ಹಾಂಗೆ ಅಲ್ದಾ? ಆ ಕಟ್ಟಿಗೇ ಅಲ್ದಾ ನೀವ್ ಆ ತುದಿ ಎಲಿಯಗ್ ಕೂಕಂಡದ್ದ್? ಅಬ್ಬಿನ್ ಕೇಳ್ದೆ ಮಕ್ಕಳನ್ನ ಇಲ್ಲ್ ಬಿಡುಕೆ ನಂಗೆ ಹಕ್ಕಿಲ್ಲೆ. ನಿಮ್ಗೂ ಇಲ್ಲೆ."

ಚಂದ್ರಮತಿ ಚಿಕ್ಕಮ್ಮ ಬಾಯಿ ಹಾಕಿದರು. "ಹೆಂಡ್ತಿ ದುಡ್ದದ್ದ್ ಉಂಬವ್ನಿಗೆ ಎಷ್ಟ್ ಮಾತ್ ಕಾಣ್!"

"ಹೌದ್ ಚಿಕ್ಕಮ್ಮ, ಉಂತೆ. ಅವ್ಳ್ ದುಡ್ದದ್ದ್ ನಾ ಉಂತೆ, ನಾ ಬೇಯ್ಸಿದ್ದ್ ಅವ್ಳ್ ಉಂತ್ಳ್. ಇದ್ರಗೆ ನಾಚ್ಕಿ ಪಟ್ಕಂಬುಕೆ ಎಂತ ಇತ್ತ್ ಹೇಳಿ. ನಂಗೆ ಕಾಂತಿಲ್ಲೆ."

ಇಷ್ಟು ಹೇಳಿ ಅವನು ತನ್ನ ಎಲೆಯನ್ನು ಸ್ವಲ್ಪ ಮುಂದೆ ಸರಿಸಿದ. ಮಕ್ಕಳ ಎಲೆ ಹತ್ತಿರ ಎಳೆದುಕೊಂಡ. ನಿತೇಶನಿಗೆ ಪಾಯಸ ಉಣಿಸಿದ, ಬಾಯಿ ಒರೆಸಿದ. ದೀಕ್ಷಾಳ ಹುಳಿಯಲ್ಲಿದ್ದ ಮೆಣಸು ತೆಗೆದು ಬದಿಗಿಟ್ಟ. "ಅಪ್ಪ, ನೀ ಉಂತಿಲ್ಯಾ?" ಅಂತ ಅವಳು ಕೇಳಿದಾಗ "ನಂಗೆ ಕಡಿಗೆ, ನೀ ಉಣ್" ಅಂದ. ಪಂಕ್ತಿಯಲ್ಲಿ ಹಿರಿಯರು ಏಳುವ ತನಕ ಏಳಬಾರದು, ಅದಕ್ಕೆ ಕೂತೇ ಇದ್ದ. ಎದುರು ಹೊಸ ಅಕ್ಕಿಯ ಅನ್ನ ಆರುತ್ತಿತ್ತು. ಬೆಳಗಿನಿಂದ ಉಪವಾಸ ಅವನು.  ಮಾವನೂ ಕಲಸಿದ ಅನ್ನವನ್ನು ಮುಗಿಸಲಿಲ್ಲ. ಆ ಹೊತ್ತು ಮಾವ ಒಂದು 'ಉಣ್' ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಎದ್ದು ಕೈ ತೊಳೆದು, ಕಾರು ಹತ್ತಿ ಹಾಲಾಡಿಗೆ ಹೊರಟೇಹೋದರು.

ಪ್ರೇಮ ತನ್ನ ಎಲೆಯನ್ನು ಹಾಗೇ ಎತ್ತಿಕೊಂಡು ಹೋಗಿ ಹಟ್ಟಿಯ ದನಕ್ಕೆ ಹಾಕಿದ. ನಾನು ಅವನಿಗೆ ಅಂಗಡಿಯ ಹಳೆ ಅಕ್ಕಿಯಲ್ಲಿ ಬೇರೆ ಗಂಜಿ ಮಾಡಿದೆ. ಹೊಸ್ತು ಉಣ್ಣದವನು ಹೊಸ ಅಕ್ಕಿ ಮುಟ್ಟುವ ಹಾಗಿಲ್ಲವಲ್ಲ. ಹೊರಡುವ ತನಕ ಅದೇ ಗಂಜಿ ಉಂಡ. ಒಂದು ಸಲವೂ ಮಾವನನ್ನು ದೂರಲಿಲ್ಲ. ನಾನು ದೂರಿದೆ, ಇಬ್ಬರ ಪಾಲನ್ನೂ.

ಹೊರಡುವ ದಿನ ಯೂನಿಫಾರ್ಮಿನ ಚೀಲವನ್ನು ನನ್ನ ಕೈಗೆ ಕೊಟ್ಟು, "ಯಾರಿಗಾರೂ ಆತ್ತ್, ಕೊಡ್" ಅಂದ. ಮಂಗಳೂರು ವಿಮಾನ ನಿಲ್ದಾಣದ ತನಕ ನಾನೂ ಹೋದೆ. ನಿತೇಶನನ್ನು ಎದೆಗೆ ಕಟ್ಟಿ, ದೀಕ್ಷಾಳ ಕೈ ಹಿಡಿದು, ಹಿಂದೆ ನೋಡದೆ ಒಳಗೆ ಹೋದ. ಗಾಜಿನಾಚೆ ಅವನ ಬೆನ್ನು ನೋಡುತ್ತ ನಾನು ಅತ್ತೆ, ದುಃಖಕ್ಕಲ್ಲ. ಮಕ್ಕಳು ಹೋದವಲ್ಲ, ಅಬ್ಬಿಯ ಹತ್ತಿರ, ಎರಡೂ.

ಆಮೇಲೆ ಊರಿನಲ್ಲಿ ಮಾತೋ ಮಾತು. ಹೆಂಡತಿ ಕಾಲಡಿಯವ ಅಂದರು, ಸಾಕಿದ ಮಾವನಿಗೆ ತಿರುಗಿಬಿದ್ದ ಅಂದರು. ಅಂದವರಿಗೆಲ್ಲ ನಾನು ತಕ್ಕ ಉತ್ತರ ಕೊಟ್ಟಿದ್ದೇನೆ, ಅದನ್ನು ಇಲ್ಲಿ ಬರೆದರೆ ಚಂದ ಕಾಣುವುದಿಲ್ಲ. ಮಾವ ಮಾತ್ರ ತೆಕ್ಕಟ್ಟೆ ಕಡೆ ಬರುವುದನ್ನೇ ಬಿಟ್ಟರು. ಆದರೆ ಚಂದ್ರಮತಿ ಚಿಕ್ಕಮ್ಮನಿಗೇ ನಿದ್ದೆ ಬರಲಿಲ್ಲವಂತೆ. ಮನೆಯ ಮಗ ಒಬ್ಬ ಹೊಸ್ತು ಉಣ್ಣದೆ ಹೋದರೆ ಆ ವರ್ಷದ ಹೊಸ್ತು ಪೂರ್ತಿ ಆದದ್ದಲ್ಲ, ಇದು ಮನೆಗೆ ಒಳ್ಳೆಯದಲ್ಲ ಅಂತ ಮಾವನಿಗೆ ಹೇಳಿ ಹೇಳಿ ಸಾಕು ಮಾಡಿದರಂತೆ.

ಒಂದು ಆದಿತ್ಯವಾರ ಮಧ್ಯಾಹ್ನ ಮಾವ ಬಂದರು. ಜಗಲಿಯಲ್ಲಿ ಕೂತರು. ಇಳಿದುಹೋಗಿದ್ದರು ಪಾಪ, ಅಂಗಿ ದೊಡ್ಡದಾದ ಹಾಗೆ ಕಾಣುತ್ತಿತ್ತು. ಕಾಫಿ ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, "ಅವ್ನಿಗ್ ಫೋನ್ ಹಚ್ಚ್" ಅಂದರು.

ಹಚ್ಚಿದೆ. ಅಲ್ಲಿ ಆಗ ಬೆಳಗ್ಗೆ. ಪರದೆಯಲ್ಲಿ ಪ್ರೇಮನ ಮುಖ, ಹೆಗಲ ಮೇಲೆ ಟವೆಲು. ಹಿಂದೆ ಸೋಫಾದಲ್ಲಿ ವಿನಯಾ, ರಾತ್ರಿ ಪಾಳಿ ಮುಗಿಸಿ ಬಂದವಳು ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ನಿದ್ದೆ ಹೋಗಿದ್ದಾಳೆ. ಅವಳ ಹೊಟ್ಟೆಯ ಮೇಲೆ ನಿತೇಶ, ಕಾಲ ಹತ್ತಿರ ದೀಕ್ಷಾ ಏನೋ ಬಣ್ಣ ಹಚ್ಚುತ್ತ ಕೂತಿದ್ದಾಳೆ. ನಾನು ಫೋನನ್ನು ಮಾವನ ಕೈಗೆ ಕೊಟ್ಟೆ. ಮಾವ ಅದನ್ನು ಸುಮಾರು ಹೊತ್ತು ನೋಡಿದರು.  ಆ ಮಾತು ಅವರ ಬಾಯಿಂದ ಬರಬೇಕಾದರೆ ಎಷ್ಟು ಕಷ್ಟ ಆಯಿತು ಅಂತ ನಾನು ಕಂಡಿದ್ದೇನೆ, ಸುಳ್ಳು ಹೇಳಬಾರದು.

"ಪ್ರೇಮಾ. ಹೊಸ್ತ್ ಉಣ್ ಮಗಾ."

ಪ್ರೇಮ ಹೆಗಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಿರಿಯರ ಎದುರು ಹಾಗೆ ಮಾಡುವ ಅಭ್ಯಾಸ ಅವನದು.

"ಉಂಡಾಯ್ತ್ ಮಾವಾ" ಅಂದ. "ಇಲ್ಲಿಗ್ ಬಂದ್ ದಿನವೇ ಉಂಡೆ."

"ಉಂಡ್ಯಾ? ಉಣ್ ಅಂದದ್ದ್ ಯಾರ್?"

"ವಿನಯಾ."

  ಮಾವ ಕೇಳಿದರು, ಜಗಳಕ್ಕಲ್ಲ, ನಿಜವಾಗಿ ತಿಳಿಯಲಿಕ್ಕೆ ಕೇಳಿದ ಹಾಗೆ. "ಹಾಂಗಾರೆ ಬಪ್ಪ ವರ್ಷ ನಾ ಯಾರಿಗ್ ಹೇಳುದ್ ಮಗಾ?"

"ನಮ್ಗೆ ನೀವೇ ಹೇಳ್ಕ್ ಮಾವಾ. ನಾವ್ ನಾಲ್ಕೂ ಜನ ಬಂದ್ ನಿಮ್ಮ್ ಎದ್ರಿಗೆ ಕೂಕಂತೊ" ಪ್ರೇಮ ಅಂದ. ಸೋಫಾದ ಕಡೆ ಒಮ್ಮೆ ತಿರುಗಿ ನೋಡಿ, ಸ್ವರ ತಗ್ಗಿಸಿದ, ಅವಳಿಗೆ ಎಚ್ಚರ ಆಗದ ಹಾಗೆ. "ಆದ್ರೆ ಬನ್ನಿ ಅಂದ್ ಕರೂಕೆ ನಂಗೆ ಫೋನ್ ಮಾಡ್ಬ್ಯಾಡಿ. ಅವ್ಳಿಗ್ ಮಾಡಿ."